ಕಡತಗಳ ಸಮನ್ವಯ: ಆರ್‌ಸಿಂಕ್ ತಂತ್ರಾಂಶದ ಒಂದು ವಿಮರ್ಶೆ

ಎರಡು ಗಣಕಗಳಲ್ಲಿರುವ ಕಡತಗಳನ್ನು ಸರಿಹೊಂದಿಸಲು ಬಳಕೆಯಲ್ಲಿರುವ ಆದೇಶ-ಸಾಲಿನ ತಂತ್ರಾಂಶಗಳಲ್ಲಿ ಆರ್‌ಸಿಂಕ್ ಪ್ರಮುಖವಾದುದು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮಕೆರಾಸ್ ಇದನ್ನು 1996ರಲ್ಲಿ ರೂಪಿಸಿದರು. ಇದು ಉಚಿತ. ಇದನ್ನು ಮೆಚ್ಚುವವರು ಬಹಳ. ಇದರ ಮಿತಿಗಳನ್ನು ತಿಳಿದು ಬಳಸುವವರು ಕಡಿಮೆ.

ಇದರ ಮೂಲ ಕಲ್ಪನೆ ಸೊಗಸಾದುದು. ಪಡೆಯುವ ಗಣಕವು ತನ್ನಲ್ಲಿರುವ ಹಳೆಯ ಕಡತವನ್ನು ತುಂಡುಗಳನ್ನಾಗಿಸಿ, ಪ್ರತಿ ತುಂಡಿಗೂ ಎರಡು ತಾಳೆ-ಮೊತ್ತಗಳನ್ನು ಲೆಕ್ಕಹಾಕಿ ಕಳುಹಿಸುತ್ತದೆ. ಕಳುಹಿಸುವ ಗಣಕವು ಹೊಸ ಕಡತದಲ್ಲಿ ಒಂದೊಂದೇ ಬೈಟ್ ಸರಿಯುತ್ತಾ ಅದೇ ತುಂಡುಗಳನ್ನು ಹುಡುಕುತ್ತದೆ. ಸಿಕ್ಕದ ಭಾಗ ಮಾತ್ರ ತಂತಿಯ ಮೇಲೆ ಸಾಗುತ್ತದೆ. ಆದರೆ ಒಂದೇ ಗಣಕದಿಂದ ಪೆನ್‌ಡ್ರೈವ್‌ಗೆ ನಕಲಿಸುವಾಗ ಈ ಉಪಾಯ ತಾನಾಗಿ ಬಳಕೆಯಾಗುವುದಿಲ್ಲ. ಬದಲಾದ ಕಡತ ಇಡಿಯಾಗಿ ನಕಲಾಗುತ್ತದೆ. ಬದಲಾಗಿದೆಯೇ ಎಂಬ ನಿರ್ಧಾರವೂ ಗಾತ್ರ ಮತ್ತು ಸಮಯಗಳನ್ನು ನೋಡಿಯೇ. ಫ್ಯಾಟ್ ಮಾದರಿಯ ಪೆನ್‌ಡ್ರೈವ್ ಸಮಯವನ್ನು 2 ಸೆಕೆಂಡುಗಳ ಅಂತರದಲ್ಲಷ್ಟೇ ಗುರುತಿಸುವುದರಿಂದ, ಬದಲಾಗದ ಕಡತಗಳೂ ಮತ್ತೆ ಮತ್ತೆ ನಕಲಾಗಬಹುದು.

ಇದಕ್ಕಿಂತ ದೊಡ್ಡ ಕೊರತೆ, ಇದು ಒಮ್ಮುಖ ಎಂಬುದು. ಶಿಡ್ಲಘಟ್ಟದ ರೇಷ್ಮೆಹುಳು ಸಾಕಣೆ ಮನೆಯೊಂದರಲ್ಲಿ ವಿದ್ಯಾರ್ಥಿಗಳು ದಿನವೂ ಉಷ್ಣತೆ, ತೇವಾಂಶಗಳನ್ನು ಅಳೆಯುತ್ತಾರೆನ್ನೋಣ. ಬೆಳಗಿನ ಅಂಕಿಗಳನ್ನು ಚಿಂತಾಮಣಿಯ ಕಾಲೇಜಿನ ಗಣಕದಲ್ಲಿ, ಸಂಜೆಯ ಅಂಕಿಗಳನ್ನು ಮನೆಯ ಗಣಕದಲ್ಲಿ ಒಂದೇ ಹೆಸರಿನ ಕಡತಕ್ಕೆ ಸೇರಿಸಿ, ಮನೆಯಿಂದ ಕಾಲೇಜಿಗೆ ಆರ್‌ಸಿಂಕ್ ಮಾಡಿದರೆ ಬೆಳಗಿನ ಅಂಕಿಗಳು ಅಳಿಸಿಹೋಗುತ್ತವೆ. ಎಚ್ಚರಿಕೆಯ ಒಂದು ಮಾತೂ ಬರುವುದಿಲ್ಲ. ‘ಅಪ್‌ಡೇಟ್’ ಆಯ್ಕೆಯೂ ಇಲ್ಲಿ ನೆರವಾಗದು. ಅದು ಹೊಸ ಕಡತವನ್ನು ಉಳಿಸುತ್ತದೆಯೇ ಹೊರತು ಎರಡನ್ನೂ ಕೂಡಿಸುವುದಿಲ್ಲ. ‘ಡಿಲೀಟ್’ ಆಯ್ಕೆ ಸೇರಿಸಿದರಂತೂ ಒಂದು ಕಡೆ ಕೈತಪ್ಪಿ ಅಳಿಸಿದ ಕಡತ ಇನ್ನೊಂದು ಕಡೆಯೂ ಇಲ್ಲವಾಗುತ್ತದೆ.

ಅದೇ ಜಿಲ್ಲೆಯ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೋಹೀಲಿಯೋಗ್ರಾಫ್ 1997ರಿಂದ ಸೂರ್ಯನ ರೇಡಿಯೋ ಅಲೆಗಳನ್ನು ದಾಖಲಿಸುತ್ತಾ ಬಂದಿದೆ. ಒಂದು ದಿನದ ಸೌರಸ್ಫೋಟವನ್ನು ಮರುದಿನ ಮತ್ತೆ ಅಳೆಯಲಾಗದು. ರೇಷ್ಮೆಹುಳುವಿನ ಒಂದು ಬೆಳೆಯೂ ಹಾಗೆಯೇ. ವಿಜ್ಞಾನದಲ್ಲಿ ವೀಕ್ಷಣೆಯ ಮೂಲ ದಾಖಲೆಗೆ ಬದಲಿಯಿಲ್ಲ.

ಎರಡೂ ಕಡೆ ಬದಲಾವಣೆ ಮಾಡುವವರಿಗೆ ಯೂನಿಸನ್ ತಂತ್ರಾಂಶ ಮೇಲು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರು ರೂಪಿಸಿದ ಇದು, ಒಂದೇ ಕಡತ ಎರಡೂ ಕಡೆ ಬದಲಾಗಿದ್ದರೆ ತಾನೇ ನಿರ್ಧರಿಸದೆ ಬಳಕೆದಾರನನ್ನು ಕೇಳುತ್ತದೆ. ಆರ್‌ಸಿಂಕನ್ನೇ ಬಳಸುವವರು ಮೊದಲು ‘ಡ್ರೈ-ರನ್’ ಆಯ್ಕೆಯಿಂದ ಏನಾಗಲಿದೆ ಎಂಬುದನ್ನು ಓದಿಕೊಳ್ಳಬೇಕು. ‘ಬ್ಯಾಕಪ್’ ಆಯ್ಕೆಯಿಂದ ಹಳೆಯ ಪ್ರತಿಯನ್ನು ಉಳಿಸಿಕೊಳ್ಳಬೇಕು. ಮೂಲ ಕೋಶದ ಹೆಸರಿನ ಕೊನೆಯ ಓರೆಗೆರೆಯನ್ನೂ ಗಮನಿಸಬೇಕು: ಅದಿದ್ದರೆ ಕೋಶದೊಳಗಿನವು ಮಾತ್ರ ನಕಲಾಗುತ್ತವೆ, ಇಲ್ಲದಿದ್ದರೆ ಕೋಶವೇ.

ಸಮನ್ವಯ ಬೇರೆ, ಸಂರಕ್ಷಣೆ ಬೇರೆ. ಸಮನ್ವಯವು ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ನಕಲಿಸುತ್ತದೆ. ಆದ್ದರಿಂದ ದಿನಾಂಕ ಬರೆದ ಮೂರನೆಯ ಪ್ರತಿಯೊಂದು ಬೇರೆಡೆ ಇರಲಿ. ಅಧ್ಯಾಪಕರು ಈ ಪಾಠವನ್ನು ಬೇಡವಾದ ನಾಲ್ಕು ಕಡತಗಳ ಮೇಲೆ ವಿದ್ಯಾರ್ಥಿಗಳಿಂದಲೇ ಮಾಡಿಸಿ ತೋರಿಸುವುದು ಒಳ್ಳೆಯದು.