‘ಒಥೆಲೊ’ ನಾಟಕದ ಒಂದು ವಿಶೇಷಣ

ಶೇಕ್ಸ್‌ಪಿಯರನ ನಾಟಕಗಳನ್ನು ಸಾವಧಾನವಾಗಿ ಓದುವ ರಸಿಕರು ಉದ್ದುದ್ದನೆಯ ಸ್ವಗತಗಳಿಗಿಂತಲೂ ಪುಟ್ಟ ವಿಶೇಷಣಗಳ ಮೇಲೆ ಹೆಚ್ಚು ಕಣ್ಣಿಟ್ಟಿರಬೇಕೆಂಬುದು ನನ್ನ ಬಹುಕಾಲದ ಮತ. ಅಂಥವುಗಳಲ್ಲಿ ‘ಆನೆಸ್ಟ್’ ಎಂಬುದಕ್ಕೆ ಅಗ್ರಪೂಜೆ ಸಲ್ಲಬೇಕು. 1604ರ ನವೆಂಬರಿನಲ್ಲಿ ಲಂಡನ್ನಿನ ಅರಮನೆಯಲ್ಲಿ ಪ್ರಯೋಗಗೊಂಡ ‘ಒಥೆಲೊ’ದಲ್ಲಿ ಈ ಪದವೂ ಇದರ ಭಾವನಾಮವೂ ಕೂಡಿ 52 ಬಾರಿ ಬರುವುವೆಂದು ವಿಮರ್ಶಕ ವಿಲಿಯಂ ಎಂಪ್ಸನ್ ತನ್ನ 1951ರ ಗ್ರಂಥದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾನೆ.

ಲ್ಯಾಟಿನ್ನಿನಲ್ಲಿ ಮಾನವಾಚಕವಾದ ಮೂಲದಿಂದ ಹುಟ್ಟಿ, ಫ್ರೆಂಚಿನ ಮಾರ್ಗವಾಗಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕಿದ್ದ ಅರ್ಥ ಮಾನ್ಯ, ಗೌರವಾರ್ಹ ಎಂಬುದು. ಸ್ತ್ರೀಯರಿಗೆ ಅನ್ವಯಿಸಿದಾಗ ಅದು ಶೀಲವತಿಯೆಂದಾಗುತ್ತಿತ್ತು. ಹ್ಯಾಮ್ಲೆಟ್ ಒಫೀಲಿಯಳನ್ನು ಕೆಣಕಿ ಕೇಳುವುದು ಈ ಅರ್ಥದಲ್ಲಿಯೇ. ಸತ್ಯವಾದಿಯೆಂಬ ಇಂದಿನ ಅರ್ಥವೂ ಆಗ ಬಳಕೆಯಲ್ಲಿತ್ತು. ಆದರೆ ಇಂದಿನ ಕಿವಿಗೆ ಕೇಳಿಸದ ಇನ್ನೊಂದು ಧ್ವನಿಯೂ ಅದರಲ್ಲಿತ್ತು: ಮೇಲಿನವನು ಕೆಳಗಿನವನ ಬೆನ್ನು ತಟ್ಟಿ, ‘ಪಾಪ, ನಂಬಿಗಸ್ಥ’ ಎನ್ನುವಾಗಿನ ದಾಕ್ಷಿಣ್ಯ. ಒಥೆಲೊನನ್ನು ಉದಾತ್ತನೆಂದು ಹೊಗಳುವ ಆ ಲೋಕ, ಉಪಸೇನಾನಿಯ ಪದವಿ ಕ್ಯಾಸಿಯೊಗೆ ದೊರೆತುದರಿಂದ ಧ್ವಜಧಾರಿಯಾಗಿಯೇ ಉಳಿದ ಇಯಾಗೊಗೆ ಈ ಅಗ್ಗದ ಪದಕವನ್ನು ಮಾತ್ರ ತೊಡಿಸುತ್ತದೆ. ಒಥೆಲೊ, ಅವನ ಹೆಂಡತಿ ಡೆಸ್ಡಿಮೋನ, ಕ್ಯಾಸಿಯೊ ಮೂವರೂ ನಿರ್ವ್ಯಾಜವಾಗಿ ಹಾಗೆ ಕರೆದಷ್ಟೂ ಅವನೊಳಗಿನ ವಿಷ ಏರುತ್ತಿರಬೇಕೆಂದು ನನಗನ್ನಿಸುತ್ತದೆ. ವಂಚಕನನ್ನು ಪ್ರಾಮಾಣಿಕನೆಂದು ನಂಬುವ ಮೌಢ್ಯವೊಂದೇ ಇಲ್ಲಿಯ ವ್ಯಂಗ್ಯವೆನ್ನುವ ಶಾಲಾಟಿಪ್ಪಣಿಗಳು ಈ ಅವಮಾನವನ್ನು ಗಮನಿಸುವುದೇ ಇಲ್ಲ. (ಟಿಪ್ಪಣಿಕಾರರು ಕಠಿಣಪದಗಳಿಗೆ ಮಾತ್ರ ಅರ್ಥ ಹೇಳಿ, ಸುಲಭವೆಂದು ತೋರುವ ಪದಗಳನ್ನು ದಾಟಿಹೋಗುವುದು ಹಳೆಯ ರೋಗ.)

ಮೂರನೆಯ ಅಂಕದ ಮೂರನೆಯ ದೃಶ್ಯದಲ್ಲಂತೂ ಕವಿಯ ಕೈಚಳಕ ಅದ್ಭುತ. ಇಯಾಗೊನ ಸತ್ಯವಾದಿತ್ವವನ್ನೂ ಡೆಸ್ಡಿಮೋನಳ ಶೀಲವನ್ನೂ ಒಂದೇ ಪದ ಹೊತ್ತಿರುವುದರಿಂದ, ಅವನದು ದೃಢವಾದಷ್ಟೂ ಇವಳದು ಶಿಥಿಲವಾಗುತ್ತ ಹೋಗುತ್ತದೆ. ಪದವೊಂದು, ಅದಕ್ಕೆ ಹಕ್ಕುದಾರರಿಬ್ಬರು. ಸಂದೇಹದ ತುತ್ತತುದಿಯಲ್ಲಿ ಇಬ್ಬರನ್ನೂ ಒಟ್ಟಿಗೆ ತೂಗುವ ಒಥೆಲೊ ಹೆಂಡತಿಯ ಪಾಲಿಗೆ ‘ಆನೆಸ್ಟ್’ ಎಂಬುದನ್ನೇ ಇರಿಸಿಕೊಂಡು, ಇಯಾಗೊನಿಗೆ ಮಾತ್ರ ‘ಜಸ್ಟ್’ ಎಂಬ ಬೇರೆ ಪದವನ್ನು ಹುಡುಕುತ್ತಾನೆ. ಆ ಒಂದು ಕ್ಷಣ ಪದ ಅದರ ನಿಜವಾದ ಒಡತಿಗೆ ಮರಳಿದಂತಾಗುತ್ತದೆ. ಅನಂತರ, ಡೆಸ್ಡಿಮೋನಳ ಕೊಲೆ ನಡೆದುಹೋದ ಮೇಲೆಯೂ, ಅವನು ಅದನ್ನು ಎಮಿಲಿಯಳ ಮುಂದೆ ಅವಳ ಗಂಡ ಇಯಾಗೊನ ಹೆಸರಿಗೇ ಮತ್ತೆಮತ್ತೆ ಜೋಡಿಸುತ್ತಾನೆ.

ಕಡೆಯ ದೃಶ್ಯದಲ್ಲಿ, ಕತ್ತಿಯನ್ನೂ ಕಳೆದುಕೊಂಡು ನಿಂತ ಆ ಸೇನಾಪತಿ, ‘ಆನೆಸ್ಟಿ’ಯೇ ಹೋದಮೇಲೆ ‘ಆನರ್’ ಏಕೆ ಉಳಿಯಬೇಕೆಂಬರ್ಥದ ಮಾತನ್ನಾಡುತ್ತಾನೆ. ಒಂದೇ ಧಾತುವಿನ ಮಕ್ಕಳಾದ ಆ ಎರಡು ಪದಗಳು ಅಷ್ಟರಲ್ಲಿ ಇಂಗ್ಲಿಷಿನಲ್ಲಿ ಬೇರೆ ಬೇರೆ ಮನೆ ಹೂಡಿಯಾಗಿದ್ದವು.