ಗೋವಿಂದೇಗೌಡರು ಮಾಡಿದ ನೇಮಕಾತಿ

ಗದಗ ತಾಲ್ಲೂಕಿನ ಅಸುಂಡಿಯಂಥ ಊರುಗಳ ಕಡೆ, ಐವತ್ತರ ಆಸುಪಾಸಿನ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಮಾತಿಗೆಳೆದರೆ ಎಚ್.ಜಿ. ಗೋವಿಂದೇಗೌಡರ ಹೆಸರು ಬಂದೇ ಬರುತ್ತದೆ. ಗೌಡರು ಈ ಸೀಮೆಯವರಲ್ಲ. ಮಲೆನಾಡಿನ ಕೊಪ್ಪದವರು, ಶೃಂಗೇರಿ ಕ್ಷೇತ್ರದ ಶಾಸಕರಾಗಿದ್ದವರು. 1994ರಿಂದ 1999ರವರೆಗೆ ದೇವೇಗೌಡ ಹಾಗೂ ಜೆ.ಎಚ್. ಪಟೇಲರ ಸಂಪುಟಗಳಲ್ಲಿ ಶಿಕ್ಷಣ ಸಚಿವರಾಗಿದ್ದವರು, 2016ರಲ್ಲಿ ತೀರಿಕೊಂಡರು.

ಅವರ ಕಾಲದಲ್ಲಿ ಲಕ್ಷದಷ್ಟು ಶಿಕ್ಷಕರ ನೇಮಕವಾಯಿತೆಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಸಂಖ್ಯೆಗಿಂತ ನೇಮಕವಾದ ರೀತಿಯೇ ದೊಡ್ಡದೆನಿಸುತ್ತದೆ. ಸರ್ಕಾರಿ ನೌಕರಿ ಎಂದರೆ ‘ಯಾರನ್ನ ಹಿಡಿಬೇಕು, ಎಷ್ಟು ಕೊಡಬೇಕು’ ಎಂದು ಮೊದಲು ಕೇಳುತ್ತಿದ್ದ ಊರುಗಳಲ್ಲಿ ಶಿಕ್ಷಕರ ತರಬೇತಿಯ (ಟಿಸಿಎಚ್) ಅಂಕಪಟ್ಟಿಗೆ ಬೆಲೆ ಬಂತು. ಅಂಕ, ಮೀಸಲಾತಿ, ಆಯ್ಕೆ ಪಟ್ಟಿ, ಆದೇಶ ಪತ್ರ: ಇಷ್ಟೇ ದಾರಿ. ಕೂಲಿ ಮಾಡುವ ಮನೆಯ ಹುಡುಗಿ ಶಾಸಕರ ಮನೆ ಬಾಗಿಲು ತುಳಿಯದೆ ಮೇಡಂ ಆದಳು. ಶಿಫಾರಸು ಪತ್ರ ಕೊಡುವುದೇ ಶಾಸಕನ ಬಲವೆಂದು ನಂಬಿದ್ದ ರಾಜಕಾರಣದಲ್ಲಿ, ಸ್ವತಃ ಶಾಸಕರಾಗಿದ್ದ ಗೌಡರೇ ಆ ಬಲವನ್ನು ಕೈಬಿಟ್ಟರು. ಸ್ವಪಕ್ಷದವರನ್ನೇ ಎದುರು ಹಾಕಿಕೊಳ್ಳಬೇಕಾದ ಕೆಲಸವಿದು, ಸುಲಭದ್ದಲ್ಲ.

ಆದರೂ ಆ ಕಾಲದ ನೇಮಕಾತಿಗೆ ಒಂದು ಗಾಯವಿದೆ. ಹಳ್ಳಿಯ ಅಭ್ಯರ್ಥಿಗಳಿಗೆಂದು ಕೊಟ್ಟ ಗ್ರಾಮೀಣ ಕೃಪಾಂಕ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನೌಕರಿ ಹಿಡಿದಿದ್ದ ಅನೇಕರು ಮನೆಗೆ ಹೋಗಬೇಕಾಯಿತು. 2003ರಲ್ಲಿ ವಿಶೇಷ ನಿಯಮ ಮಾಡಿ ಅವರನ್ನು ಮತ್ತೆ ತೆಗೆದುಕೊಂಡರೂ ಹಿಂದಿನ ಸೇವೆಯ ಜ್ಯೇಷ್ಠತೆಗಾಗಿ ಅವರು ವರ್ಷಗಟ್ಟಲೆ ಅಲೆದರು. ಉದ್ದೇಶ ಒಳ್ಳೆಯದಿತ್ತು, ಕಾನೂನಿನ ತಳಪಾಯ ಗಟ್ಟಿ ಇರಲಿಲ್ಲ. ಅದರ ಬೆಲೆ ತೆತ್ತವರು ಹಳ್ಳಿಯವರೇ.

ಇನ್ನೊಂದು ಕೊರತೆ ಭಾಷೆಯದು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುವ ಖಾಸಗಿ ಶಾಲೆಗಳು ಅವರ ಅವಧಿಯಲ್ಲೂ ಹಬ್ಬಿದವು. 2006ರ ಹೊತ್ತಿಗೆ ಬಸವರಾಜ ಹೊರಟ್ಟಿಯವರು ಸಚಿವರಾಗಿ ಅವುಗಳ ಮಾನ್ಯತೆಗೆ ಕೈ ಹಾಕಬೇಕಾಯಿತು. ಸರ್ಕಾರಿ ಶಾಲೆಗೆ ಗೌಡರು ಶಿಕ್ಷಕರನ್ನು ಕೊಟ್ಟರು. ಮಕ್ಕಳು ಅಲ್ಲೇ ಉಳಿಯುವಂತೆ ಮಾಡಲು ಅವರಿಂದಲೂ ಆಗಲಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ತೂಕ ಅವರ ಕಡೆಗೇ. 2014–15ರ ಪ್ರೌಢಶಾಲಾ ಶಿಕ್ಷಕರ ನೇಮಕದ ಅಕ್ರಮಕ್ಕಾಗಿ 2022ರಲ್ಲಿ ಸಿಐಡಿ ಹಲವು ಶಿಕ್ಷಕರನ್ನೇ ಬಂಧಿಸಿತು. ಗೌಡರು ಹಾಕಿಕೊಟ್ಟ ದಾರಿಯನ್ನು ಕಾಯುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಖಾಲಿ ಹುದ್ದೆಗಳನ್ನು ವರ್ಷ ವರ್ಷವೂ ಅತಿಥಿ ಶಿಕ್ಷಕರಿಂದ ತುಂಬಿಸುತ್ತಿರುವ ಸರ್ಕಾರ, ಅವರ ಹೆಸರನ್ನು ಭಾಷಣದಲ್ಲಿ ನೆನೆಯುವ ಬದಲು ಕಾಯಂ ನೇಮಕಾತಿಯ ಅಧಿಸೂಚನೆ ಹೊರಡಿಸಲಿ.