ಹತ್ತು ವರ್ಷದ ಸೇನಾಪತಿ, ಏಳು ತಿಂಗಳ ಚಕ್ರವರ್ತಿ

ಕ್ರಿ.ಶ. 421ರ ಫೆಬ್ರವರಿ 8ರಂದು ಪಶ್ಚಿಮ ರೋಮಿನ ಚಕ್ರವರ್ತಿ ಹೊನೋರಿಯಸ್ ತನ್ನ ಸೇನಾಪತಿ ಕಾನ್‌ಸ್ಟಾಂಟಿಯಸ್‌ನನ್ನು ಸಹಚಕ್ರವರ್ತಿಯಾಗಿ ಮಾಡಿಕೊಂಡ. ಅವನ ಬಾಳಿನ ತುತ್ತತುದಿ ಇದೇ ಎಂದು ಎಣಿಸುವುದು ರೂಢಿ. ನನಗೆ ಇದು ಅವನ ಇಳಿಜಾರಿನ ಮೊದಲ ಹೆಜ್ಜೆಯಾಗಿ ಕಾಣುತ್ತದೆ. ಅವನ ನಿಜವಾದ ಸಾಧನೆಯೆಲ್ಲ ಅದಕ್ಕೆ ಮುಂಚಿನದು. 411ರಲ್ಲಿ ಆರ್ಲ್ ನಗರವನ್ನು ಮುತ್ತಿ, ಬ್ರಿಟನ್ನಿನಿಂದ ಎದ್ದುಬಂದಿದ್ದ ಪ್ರತಿಸ್ಪರ್ಧಿ ಮೂರನೆಯ ಕಾನ್‌ಸ್ಟಂಟೈನನನ್ನು ಶರಣಾಗಿಸಿದ. ಆಮೇಲೆ ಗಾತ್ ಜನರನ್ನು ಬಗ್ಗಿಸಿದ್ದು ಕತ್ತಿಗಿಂತ ಹೆಚ್ಚಾಗಿ ಹಸಿವಿನಿಂದ: ಬಂದರುಗಳಿಗೆ ದಿಗ್ಬಂಧನ ಹಾಕಿ ಅವರಿಗೆ ಧಾನ್ಯ ಸಿಗದಂತೆ ಮಾಡಿದ. 416ರಲ್ಲಿ 6 ಲಕ್ಷ ಮೋಡಿಯಸ್ (ರೋಮನರ ಧಾನ್ಯದ ಅಳತೆ) ಧಾನ್ಯಕ್ಕೆ ಪ್ರತಿಯಾಗಿ ಅವರು ತಮ್ಮ ವಶದಲ್ಲಿದ್ದ ಹೊನೋರಿಯಸ್‌ನ ತಂಗಿ ಗಾಲಾ ಪ್ಲಾಸಿಡಿಯಾಳನ್ನು ಒಪ್ಪಿಸಿದರು, ರೋಮಿನ ಪರವಾಗಿ ಸ್ಪೇನಿನಲ್ಲಿ ಕಾದಾಡಿದರು. ದಣಿದ ಖಜಾನೆಯ ರಾಜ್ಯವೊಂದು ಇಷ್ಟು ಲೆಕ್ಕಾಚಾರದಿಂದ ಗೆದ್ದ ಉದಾಹರಣೆ ಆ ಶತಮಾನದಲ್ಲಿ ವಿರಳ.

ಪಟ್ಟವಿಲ್ಲದ ಸೇನಾಪತಿಗೆ ಉಳಿಗಾಲವೆಲ್ಲಿ, 408ರಲ್ಲಿ ಹೊನೋರಿಯಸ್‌ನ ಹಿಂದಿನ ಸೇನಾಪತಿ ಸ್ಟಿಲಿಕೋ ತಲೆ ಕಳೆದುಕೊಳ್ಳಲಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ತೂಕದ್ದೇ. ಆದರೆ ಸ್ಟಿಲಿಕೋ ಚಕ್ರವರ್ತಿಗೆ ಹೆಣ್ಣು ಕೊಟ್ಟ ಮಾವ. ಅರಮನೆಯ ನಂಟು ಅವನನ್ನು ಕಾಯಲಿಲ್ಲ, ಸೈನ್ಯ ಕೈಬಿಟ್ಟ ಕೂಡಲೇ ಕೆಳಗುರುಳಿದ. ಕಾನ್‌ಸ್ಟಾಂಟಿಯಸ್‌ನ ಹಿಂದೆ ಸೈನ್ಯ ಗಟ್ಟಿಯಾಗಿ ನಿಂತಿತ್ತು. 417ರಲ್ಲಿ ಪ್ಲಾಸಿಡಿಯಾಳ ಕೈಹಿಡಿದ ಮೇಲೆ ಅವನು ರಾಜಮನೆತನದವನೂ ಆಗಿದ್ದ. ಇಷ್ಟಿದ್ದವನಿಗೆ ಪಟ್ಟ ಯಾವ ಹೊಸ ರಕ್ಷಣೆ ಕೊಟ್ಟಿತು? ಹೊನೋರಿಯಸ್ ಅದಕ್ಕೆ ಮನಸಾರೆ ಒಪ್ಪಿರಲಿಲ್ಲ ಎಂದು ಸಮಕಾಲೀನ ಇತಿಹಾಸಕಾರ ಒಲಿಂಪಿಯೊಡೋರಸ್ ಬರೆಯುತ್ತಾನೆ. ಮೊದಲಿನಂತೆ ಬೇಕಾದಲ್ಲಿಗೆ ಹೋಗಿಬರುವ ಸ್ವಾತಂತ್ರ್ಯ ಕಳೆದುಕೊಂಡು ಹೊಸ ಚಕ್ರವರ್ತಿ ಕೊರಗಿದನೆಂದೂ ಅವನೇ ಹೇಳುತ್ತಾನೆ. ಈ ಮಾತನ್ನು ಬರೀ ಸ್ವಭಾವಚಿತ್ರವೆಂದು ಬದಿಗಿಡಲಾಗದು: ಪಾಳೆಯದಲ್ಲಿ ಓಡಾಡುತ್ತಲೇ ಆಳಿದವನನ್ನು ರವೆನ್ನಾದ ಅರಮನೆಯ ವಿಧಿಗಳು ಕಟ್ಟಿಹಾಕಿದವು.

ಪಟ್ಟವಿಲ್ಲದಿದ್ದರೆ ಮಗ ವ್ಯಾಲೆಂಟಿನಿಯನ್‌ಗೆ ಸಿಂಹಾಸನ ಸಿಗುತ್ತಿರಲಿಲ್ಲ ಎಂಬ ವಾದವೂ ಇದೆ. ಆದರೆ ಮಗನ ಹಕ್ಕಿಗೆ ಮುಖ್ಯ ಆಧಾರ ತಾಯಿಯ ಕಡೆಯ ರಕ್ತ, ಅವಳ ತಂದೆ ಮೊದಲನೆಯ ಥಿಯೊಡೋಸಿಯಸ್ ಚಕ್ರವರ್ತಿಯ ವಂಶ. ತಂದೆಯ ಪಟ್ಟವನ್ನಂತೂ ಪೂರ್ವದ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ ಮಾನ್ಯ ಮಾಡಲೇ ಇಲ್ಲ. ಆ ಅವಮಾನಕ್ಕೆ ಕಾನ್‌ಸ್ಟಾಂಟಿಯಸ್ ಪೂರ್ವದ ಮೇಲೆಯೇ ದಂಡೆತ್ತಲು ಹೊರಟ. ಸ್ಪೇನಿನಲ್ಲಿ ವ್ಯಾಂಡಲರು ಇನ್ನೂ ಬಲವಾಗಿರುವಾಗ ರೋಮನರ ಮೇಲೆಯೇ ರೋಮನ್ ಸೈನ್ಯ ಹರಿಸುವ ಈ ಯೋಜನೆ, ಧಾನ್ಯದ ಲೆಕ್ಕದಲ್ಲಿ ಯುದ್ಧ ಗೆದ್ದವನಿಗೆ ತಕ್ಕದ್ದಾಗಿರಲಿಲ್ಲ. ಪಟ್ಟ ಅವನ ವಿವೇಕವನ್ನೇ ಮಂಕಾಗಿಸಿತು. ದಂಡು ಹೊರಡುವ ಮುನ್ನವೇ, ಸೆಪ್ಟೆಂಬರ್ 2ರಂದು, ಅವನು ಕಾಯಿಲೆಯಿಂದ ತೀರಿಕೊಂಡ. 425ರಲ್ಲಿ ಅವನ ಮಗನನ್ನು ಪಶ್ಚಿಮದ ಸಿಂಹಾಸನದಲ್ಲಿ ಕೂರಿಸಿದ್ದು ಅದೇ ಪೂರ್ವದ ಸೈನ್ಯ.